ಅಪ್ಪಣೆ ಬೇರೆ, ಸ್ವಾತಂತ್ರ್ಯ ಬೇರೆ



‘ಮಾನವ ಸ್ವಾತಂತ್ರ್ಯದ ಅರ್ಥ’ ಎಂಬ ವಿಷಯವನ್ನು ನನಗೆ ಕೊಡಲಾಗಿದೆ. ವಿಷಯ ದೊಡ್ಡದು. ಎರಡು ಸಾವಿರ ವರ್ಷಗಳಿಂದ ತತ್ವಜ್ಞಾನಿಗಳು, ಧರ್ಮಪಂಡಿತರು, ರಾಜಕೀಯ ಚಿಂತಕರು ಇದರ ಬಗ್ಗೆ ವಾದಿಸುತ್ತಲೇ ಬಂದಿದ್ದಾರೆ. ಅದೆಲ್ಲವನ್ನೂ ಒಂದು ಭಾಷಣದಲ್ಲಿ ಹೇಳುವುದು ಸಾಧ್ಯವಿಲ್ಲ, ಹೇಳುವ ಅಗತ್ಯವೂ ಇಲ್ಲ. ನಾವು ದಿನನಿತ್ಯ ಆಡುವ ಒಂದು ಮಾತನ್ನು ಹಿಡಿದುಕೊಂಡು ಈ ವಿಷಯದೊಳಗೆ ಹೋಗೋಣ.

ಪೋಷಕರ ಸಭೆಗಳಲ್ಲಿ ಅನೇಕ ತಂದೆತಾಯಿಗಳು ಹೆಮ್ಮೆಯಿಂದ ಹೇಳುವ ಮಾತು ಇದು: “ಟೀಚರ್, ನಾವು ನಮ್ಮ ಮಗಳಿಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟಿದ್ದೇವೆ. ಓದುವಷ್ಟು ದಿನ ಓದಲಿ.” ಈ ಮಾತನ್ನು ಆಡುವವರು ಒಳ್ಳೆಯವರು. ಅವರ ಪ್ರೀತಿಯ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಭಾಷೆ ಕಲಿಸುವ ನಮ್ಮಂಥವರ ಕಿವಿ ಆ ವಾಕ್ಯದ ಕ್ರಿಯಾಪದದ ಮೇಲೆ ನಿಂತುಬಿಡುತ್ತದೆ. ‘ಕೊಟ್ಟಿದ್ದೇವೆ.’ ಕೊಟ್ಟದ್ದನ್ನು ಕೊಟ್ಟವರು ಹಿಂದಕ್ಕೆ ಪಡೆಯಬಹುದಲ್ಲವೇ? ಹಿಂದಕ್ಕೆ ಪಡೆಯಬಹುದಾದದ್ದನ್ನು ಸ್ವಾತಂತ್ರ್ಯ ಎನ್ನಬಹುದೇ? ಅಥವಾ ಅದಕ್ಕೆ ಬೇರೆ ಹೆಸರಿದೆಯೇ?

ಬೇರೆ ಹೆಸರಿದೆ. ಕನ್ನಡದಲ್ಲಿ ಅದನ್ನು ಅಪ್ಪಣೆ ಎನ್ನುತ್ತೇವೆ. ಉರ್ದುವಿನಲ್ಲಿ ಇಜಾಜತ್ ಎನ್ನುತ್ತೇವೆ. ಇಜಾಜತ್ ಬೇರೆ, ಆಜಾದಿ ಬೇರೆ. ನಾನು ಇಂದು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಮೊದಲು ಶಬ್ದಗಳನ್ನು ನೋಡೋಣ. ಕನ್ನಡದ ‘ಸ್ವಾತಂತ್ರ್ಯ’ದಲ್ಲಿ ಸ್ವ ಮತ್ತು ತಂತ್ರ ಎಂಬ ಎರಡು ಭಾಗಗಳಿವೆ. ತನ್ನ ಬದುಕಿನ ಸೂತ್ರ ತನ್ನ ಕೈಯಲ್ಲೇ ಇರುವುದು ಎಂದರ್ಥ. ಅದರ ವಿರುದ್ಧ ಪದ ಪರತಂತ್ರ, ಅಂದರೆ ಸೂತ್ರ ಇನ್ನೊಬ್ಬರ ಕೈಯಲ್ಲಿರುವುದು. ಅರಬಿ ಭಾಷೆಯ ‘ಹುರ್ರ್’ ಎಂದರೆ ಸ್ವತಂತ್ರ ವ್ಯಕ್ತಿ, ಯಾರ ಗುಲಾಮನೂ ಅಲ್ಲದವನು. ಅದರಿಂದಲೇ ‘ಹುರ್ರಿಯತ್’ ಬಂದಿದೆ. ಪಾರ್ಸಿಯ ‘ಆಜಾದ್’ ಕೂಡ ಗುಲಾಮನಲ್ಲದವನು ಎಂಬ ಅರ್ಥವನ್ನೇ ಹೊತ್ತಿದೆ. ಮೂರು ಭಾಷೆಗಳಲ್ಲಿಯೂ ಸ್ವಾತಂತ್ರ್ಯವೆಂದರೆ ಬರೀ ಮನಸ್ಸಿಗೆ ಬಂದಂತೆ ಓಡಾಡುವುದಲ್ಲ. ನನ್ನ ಮೇಲೆ ಒಡೆಯನೊಬ್ಬನಿದ್ದಾನೆಯೇ ಇಲ್ಲವೇ ಎಂಬುದೇ ಅಲ್ಲಿನ ಮೂಲ ಪ್ರಶ್ನೆ.

ಇಲ್ಲಿ ಕೆಲವರು ಕೇಳಬಹುದು: ಎಲ್ಲವೂ ತಕ್ದೀರಿನಂತೆ ನಡೆಯುವಾಗ ಮನುಷ್ಯನಿಗೆ ಸ್ವಾತಂತ್ರ್ಯ ಎಲ್ಲಿಂದ ಬಂತು? ಇದು ಹೊಸ ಪ್ರಶ್ನೆಯಲ್ಲ. ಇಸ್ಲಾಮಿನ ಆರಂಭದ ಶತಮಾನಗಳಲ್ಲಿಯೇ ಜಬರ್ ಮತ್ತು ಕದರ್ ಎಂಬ ಹೆಸರಿನಲ್ಲಿ ಈ ಚರ್ಚೆ ಜೋರಾಗಿ ನಡೆಯಿತು. ಮನುಷ್ಯ ಗಾಳಿಗೆ ಸಿಕ್ಕ ಎಲೆಯಂತೆ, ಅವನ ಕೈಯಲ್ಲಿ ಏನೂ ಇಲ್ಲ ಎಂದವರು ಜಬ್ರಿಯಾ. ತನ್ನ ಕೃತ್ಯಗಳಿಗೆ ಮನುಷ್ಯನೇ ಕರ್ತೃ, ಹಾಗಿಲ್ಲದಿದ್ದರೆ ಶಿಕ್ಷೆ ಮತ್ತು ಪುರಸ್ಕಾರಗಳು ನ್ಯಾಯವಾಗುವುದಿಲ್ಲ ಎಂದವರು ಮುಅ್ತಝಿಲಾ ಪಂಥದವರು. ಹತ್ತನೇ ಶತಮಾನದ ಇಮಾಮ್ ಅಶ್ಅರಿಯವರು ಇವೆರಡರ ನಡುವಿನ ದಾರಿಯನ್ನು ತೋರಿಸಿದರು: ಸೃಷ್ಟಿ ಅಲ್ಲಾಹನದು, ಆದರೆ ಕೃತ್ಯವನ್ನು ಗಳಿಸಿಕೊಳ್ಳುವವನು ಮನುಷ್ಯ, ಆದ್ದರಿಂದ ಹೊಣೆಯೂ ಅವನದೇ. ಈ ವಾದಗಳಲ್ಲಿ ನೀವು ಯಾವ ಪಕ್ಷ ಹಿಡಿದರೂ ಒಂದು ಮಾತು ಉಳಿಯುತ್ತದೆ. ನಾಳೆ ಲೆಕ್ಕ ಕೊಡಬೇಕಾದವನು ಇಂದು ಆರಿಸಿಕೊಳ್ಳುವ ಶಕ್ತಿ ಉಳ್ಳವನಾಗಿರಬೇಕು. ಮಗಳನ್ನು ಎಸ್ಸೆಸ್ಸೆಲ್ಸಿ ನಂತರ ಶಾಲೆ ಬಿಡಿಸಿ, “ಅವಳ ನಸೀಬಿನಲ್ಲಿ ಓದು ಇರಲಿಲ್ಲ” ಎಂದು ಹೇಳುವುದು ತಕ್ದೀರಿನ ಮೇಲಿನ ನಂಬಿಕೆಯಲ್ಲ. ನಮ್ಮ ತೀರ್ಮಾನವನ್ನು ತಕ್ದೀರಿನ ತಲೆಗೆ ಕಟ್ಟುವುದು.

ಇನ್ನು ರಾಜಕೀಯ ಚಿಂತನೆಯ ಕಡೆಗೆ ಬರೋಣ. ಅಲ್ಲಿ ಸ್ವಾತಂತ್ರ್ಯಕ್ಕೆ ಮುಖ್ಯವಾಗಿ ಮೂರು ಅರ್ಥಗಳಿವೆ. ನೆನಪಿಟ್ಟುಕೊಳ್ಳಲು ಅನುಕೂಲವಾಗಲೆಂದು ಅವನ್ನು ಅಡ್ಡಿ, ಅನುಕೂಲ ಮತ್ತು ಹಂಗು ಎಂಬ ಮೂರು ಕನ್ನಡ ಪದಗಳಲ್ಲಿ ಹೇಳುತ್ತೇನೆ.

ಮೊದಲನೆಯದು, ಅಡ್ಡಿಯಿಲ್ಲದಿರುವುದು. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಸ್ವಾತಂತ್ರ್ಯದ ಕುರಿತು ಒಂದು ಪುಸ್ತಕ ಪ್ರಕಟಿಸಿದರು. ಅದರ ತಿರುಳು ಸರಳವಾಗಿದೆ. ಒಬ್ಬ ವ್ಯಕ್ತಿಯ ಮೇಲೆ ಸಮಾಜ ಬಲ ಪ್ರಯೋಗಿಸಬೇಕಾದರೆ, ಅವನು ಇನ್ನೊಬ್ಬರಿಗೆ ಹಾನಿ ಮಾಡುವುದನ್ನು ತಡೆಯುವುದಷ್ಟೇ ಕಾರಣವಾಗಿರಬೇಕು. ‘ನಿನ್ನ ಒಳ್ಳೆಯದಕ್ಕಾಗಿ’ ಎಂಬುದು ಸಾಕಾದ ಕಾರಣವಲ್ಲ. ಬುದ್ಧಿ ಹೇಳಬಹುದು, ಬೇಡಿಕೊಳ್ಳಬಹುದು, ವಾದಿಸಬಹುದು, ಆದರೆ ಬಲವಂತ ಮಾಡುವಂತಿಲ್ಲ. ಮಿಲ್ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟರು. ಸ್ವಾತಂತ್ರ್ಯವನ್ನು ಕಸಿಯುವುದು ಸರ್ಕಾರ ಮಾತ್ರವಲ್ಲ. ‘ಜನ ಏನೆಂದಾರು’ ಎಂಬ ಭಯವೂ ಸರ್ಕಾರದಷ್ಟೇ ಗಟ್ಟಿಯಾಗಿ ಕಸಿಯಬಲ್ಲದು. ಈ ‘ಜನ’ ಯಾರೆಂದು ನಮಗೆಲ್ಲ ಗೊತ್ತು. ಮೊಹಲ್ಲಾದ ತಿರುವಿನಲ್ಲಿ ಕುಳಿತಿರುವವರೂ ಅವರೇ, ಮದುವೆ ಮನೆಯಲ್ಲಿ ಪಿಸುಗುಟ್ಟುವವರೂ ಅವರೇ.

ಆದರೆ ಇದೇ ಮಿಲ್ ಅವರಲ್ಲಿ ನಮ್ಮ ದೇಶದವರು ಗಮನಿಸಬೇಕಾದ ಒಂದು ಸಂಗತಿಯೂ ಇದೆ. ಅವರು ಮೂವತ್ತಕ್ಕೂ ಹೆಚ್ಚು ವರ್ಷ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ನೌಕರರಾಗಿದ್ದರು. ತಮ್ಮ ಸ್ವಾತಂತ್ರ್ಯದ ಸೂತ್ರ ಮಕ್ಕಳಿಗೂ ‘ಹಿಂದುಳಿದ’ ಸಮಾಜಗಳಿಗೂ ಅನ್ವಯಿಸುವುದಿಲ್ಲ ಎಂದು ಅದೇ ಪುಸ್ತಕದಲ್ಲಿ ಬರೆದರು. ಅಂದರೆ ಭಾರತೀಯರು ಇನ್ನೂ ಸಿದ್ಧರಾಗಿಲ್ಲ, ಅಲ್ಲಿಯವರೆಗೆ ಒಳ್ಳೆಯ ಆಡಳಿತ ಸಾಕು ಎಂಬ ಅಭಿಪ್ರಾಯ. ‘ನೀವು ಇನ್ನೂ ಸಿದ್ಧರಿಲ್ಲ’ ಎಂಬ ಈ ಮಾತನ್ನು ಬ್ರಿಟಿಷರು ಕೊನೆಯವರೆಗೂ ಬೇರೆ ಬೇರೆ ರೀತಿಯಲ್ಲಿ ಹೇಳುತ್ತಲೇ ಇದ್ದರು. 1921ರ ಅಹಮದಾಬಾದ್ ಕಾಂಗ್ರೆಸ್ ಅಧಿವೇಶನದಲ್ಲಿ ಉರ್ದು ಕವಿ ಮೌಲಾನಾ ಹಸರತ್ ಮೊಹಾನಿ ಸಂಪೂರ್ಣ ಸ್ವಾತಂತ್ರ್ಯದ ನಿರ್ಣಯ ಮಂಡಿಸಿದಾಗ ನಮ್ಮ ನಾಯಕರೇ ಅದಕ್ಕೆ ಸಿದ್ಧರಿರಲಿಲ್ಲ. ನಿರ್ಣಯ ಬಿದ್ದುಹೋಯಿತು. ಕಾಂಗ್ರೆಸ್ ಪೂರ್ಣ ಸ್ವರಾಜ್ಯದ ನಿರ್ಣಯವನ್ನು ಅಂಗೀಕರಿಸಿದ್ದು ಎಂಟು ವರ್ಷಗಳ ನಂತರ, 1929ರ ಲಾಹೋರ್ ಅಧಿವೇಶನದಲ್ಲಿ. ಬ್ರಿಟಿಷರು ಹಂತ ಹಂತವಾಗಿ ಕೊಡುವ ಸುಧಾರಣೆಗಳು ಸ್ವಾತಂತ್ರ್ಯವಲ್ಲ ಎಂಬುದನ್ನು ಮೊಹಾನಿಯವರು ಬೇಗ ಕಂಡುಕೊಂಡಿದ್ದರು.

ಎರಡನೆಯ ಅರ್ಥ, ಅನುಕೂಲವಿರುವುದು. ಬಾಗಿಲಿಗೆ ಬೀಗವಿಲ್ಲ, ಆದರೆ ಒಳಗಿರುವವನಿಗೆ ಎದ್ದು ನಡೆಯುವ ಶಕ್ತಿಯಿಲ್ಲ. ಅವನನ್ನು ಸ್ವತಂತ್ರ ಎನ್ನಬಹುದೇ? 1958ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಪ್ರಸಿದ್ಧ ಉಪನ್ಯಾಸದಲ್ಲಿ ಐಸಯಾ ಬರ್ಲಿನ್ ಸ್ವಾತಂತ್ರ್ಯದ ಎರಡು ಕಲ್ಪನೆಗಳನ್ನು ಬೇರ್ಪಡಿಸಿದರು. ಇತರರು ಅಡ್ಡ ಬಾರದಿರುವುದು ಒಂದು, ತನಗೆ ತಾನೇ ಒಡೆಯನಾಗುವುದು ಇನ್ನೊಂದು. ಎರಡನೆಯದರ ಹೆಸರಿನಲ್ಲಿ ಸರ್ವಾಧಿಕಾರಿಗಳು ಜನರನ್ನು ತುಳಿಯಬಹುದು ಎಂದು ಅವರು ಎಚ್ಚರಿಸಿದರು. ಬಡತನ, ಅನಕ್ಷರತೆ, ರೋಗ ಇವೂ ಸ್ವಾತಂತ್ರ್ಯದ ಕೊರತೆಗಳೇ ಎಂಬುದನ್ನು ನಮ್ಮ ಅಮರ್ತ್ಯ ಸೇನ್ 1999ರ ತಮ್ಮ ಪುಸ್ತಕದಲ್ಲಿ ವಿಸ್ತಾರವಾಗಿ ವಿವರಿಸಿದರು. ಒಬ್ಬ ವ್ಯಕ್ತಿ ನಿಜವಾಗಿ ಏನು ಮಾಡಬಲ್ಲ, ಏನಾಗಬಲ್ಲ ಎಂಬುದೇ ಅವರ ಅಳತೆಗೋಲು.

ನಮ್ಮ ಸರ್ವೋಚ್ಚ ನ್ಯಾಯಾಲಯವೂ 1982ರಲ್ಲಿ ಇದೇ ದಾರಿಯಲ್ಲಿ ನಡೆಯಿತು. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಆಗುತ್ತದೆ ಎಂದು ಅದು ತೀರ್ಪಿತ್ತಿತು. ಯಾರೂ ಚಾವಟಿ ಹಿಡಿದು ನಿಂತಿರಲಿಲ್ಲ. ಹಸಿವೇ ಚಾವಟಿಯಾಗಿತ್ತು. ಶಿಕ್ಷಣದಲ್ಲಿಯೂ ಹಾಗೆಯೇ. 2002ರಲ್ಲಿ ಸಂವಿಧಾನಕ್ಕೆ 86ನೇ ತಿದ್ದುಪಡಿ ಬಂತು, 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. 6ರಿಂದ 14 ವರ್ಷದವರೆಗೆ ಉಚಿತ ಶಿಕ್ಷಣ ಮೂಲಭೂತ ಹಕ್ಕಾಯಿತು. ನಮ್ಮ ರಾಜ್ಯದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ, ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ಟಿನ ಖರ್ಚು ತಪ್ಪಿತು. ಇವೆಲ್ಲ ಅನುಕೂಲಗಳು. ಅನುಕೂಲಗಳಿಲ್ಲದ ಸ್ವಾತಂತ್ರ್ಯ ಕಾಗದದ ಮೇಲಿನ ಸ್ವಾತಂತ್ರ್ಯ.

ಆದರೆ ವಿದ್ಯಾರ್ಥಿಗಳೇ, ಇಲ್ಲಿ ಒಂದು ಲೆಕ್ಕವನ್ನು ಗಮನಿಸಿ. ಕಾನೂನಿನ ಆ ಹಕ್ಕು 14ಕ್ಕೆ ಮುಗಿಯುತ್ತದೆ. ಮುಂದೆ ಓದಬೇಕೇ ಬೇಡವೇ, ಕಲೆಯೋ ವಿಜ್ಞಾನವೋ, ಮದುವೆಯೋ ಕಾಲೇಜೋ ಎಂಬ ಪ್ರಶ್ನೆಗಳು ಹುಟ್ಟುವುದು 15, 16ರಲ್ಲಿ. ಬಸ್ಸು ಬಾಗಿಲಿಗೆ ಬಂದು ನಿಂತಿದೆ, ಟಿಕೆಟ್ಟೂ ಬೇಡ. ಆದರೆ ಹೊಸ್ತಿಲು ದಾಟಬೇಕೇ ಬೇಡವೇ ಎಂಬ ತೀರ್ಮಾನ ಯಾರದು? ಈ ಪ್ರಶ್ನೆಯೇ ನಮ್ಮನ್ನು ಮೂರನೆಯ ಅರ್ಥಕ್ಕೆ ಕೊಂಡೊಯ್ಯುತ್ತದೆ.

ಮೂರನೆಯದು, ಹಂಗಿಲ್ಲದಿರುವುದು. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ನಾಡಿನ ಜೀತ ಪದ್ಧತಿಯನ್ನು ನೆನಪಿಸಿಕೊಳ್ಳಿ. ಒಬ್ಬ ಜೀತದಾಳಿಗೆ ಬಹಳ ದಯಾಳುವಾದ ಒಡೆಯ ಸಿಕ್ಕಿದ್ದಾನೆ ಎಂದಿಟ್ಟುಕೊಳ್ಳೋಣ. ಹೊಡೆಯುವುದಿಲ್ಲ, ಬಯ್ಯುವುದಿಲ್ಲ. ಹೊಟ್ಟೆ ತುಂಬ ಊಟ, ಹಬ್ಬಕ್ಕೆ ಹೊಸ ಬಟ್ಟೆ. ಊರಿಗೆ ಹೋಗಬೇಕೆಂದರೆ ಕಳುಹಿಸುತ್ತಾನೆ. ಅಡ್ಡಿಯೂ ಇಲ್ಲ, ಅನುಕೂಲವೂ ಇದೆ. ಹಾಗಾದರೆ ಅವನು ಸ್ವತಂತ್ರನೇ? ಅಲ್ಲ ಎಂದು ನಿಮ್ಮ ಮನಸ್ಸು ತಕ್ಷಣ ಹೇಳುತ್ತದೆ. ಏಕೆ? ಏಕೆಂದರೆ ಒಡೆಯನ ಮನಸ್ಸು ನಾಳೆ ಬದಲಾದರೆ ಎಲ್ಲವೂ ಬದಲಾಗುತ್ತದೆ. ಆದ್ದರಿಂದ ಆಳು ಪ್ರತಿದಿನ ಬೆಳಿಗ್ಗೆ ಒಡೆಯನ ಮುಖ ನೋಡುತ್ತಾನೆ. ಇಂದು ಕೇಳಬಹುದೇ, ನಾಳೆ ಕೇಳಲೇ, ಹೇಗೆ ಕೇಳಿದರೆ ಸಿಟ್ಟಾಗುವುದಿಲ್ಲ ಎಂದು ಯೋಚಿಸುತ್ತಾನೆ. ಸರಪಳಿ ಕಾಲಿನಲ್ಲಿಲ್ಲ, ಈ ಮುಖ ನೋಡುವ ಅಭ್ಯಾಸದಲ್ಲಿದೆ. 1976ರಲ್ಲಿ ಜೀತ ಪದ್ಧತಿಯನ್ನು ಕಾನೂನು ರದ್ದುಗೊಳಿಸಿದಾಗ ಒಡೆಯ ಒಳ್ಳೆಯವನೋ ಕೆಟ್ಟವನೋ ಎಂದು ನೋಡಲಿಲ್ಲ. ಒಡೆತನವನ್ನೇ ರದ್ದು ಮಾಡಿತು.

ಪ್ರಾಚೀನ ರೋಮನ್ನರ ಕಾನೂನಿನಲ್ಲಿಯೂ ಸ್ವತಂತ್ರನೆಂದರೆ ಇನ್ನೊಬ್ಬರ ಅಧಿಕಾರದಡಿ ಇಲ್ಲದವನು. ನಮ್ಮ ಕಾಲದಲ್ಲಿ ಕ್ವೆಂಟಿನ್ ಸ್ಕಿನ್ನರ್ ಎಂಬ ಇತಿಹಾಸಕಾರರು, ಫಿಲಿಪ್ ಪೆಟಿಟ್ ಎಂಬ ತತ್ವಜ್ಞಾನಿ 1990ರ ದಶಕದ ಕೊನೆಯಲ್ಲಿ ಈ ಹಳೆಯ ಅರ್ಥವನ್ನು ಮತ್ತೆ ಚರ್ಚೆಗೆ ತಂದರು. ಅಡ್ಡಿ ಇಲ್ಲದಿದ್ದರೆ ಸಾಲದು, ಮನಸ್ಸು ಬಂದಾಗ ಅಡ್ಡಿ ಮಾಡುವ ಅಧಿಕಾರವೇ ಯಾರ ಕೈಯಲ್ಲಿಯೂ ಇರಬಾರದು ಎಂಬುದು ಅವರ ವಾದ.

ಇದು ಸರ್ಕಾರಗಳಿಗೂ ಅನ್ವಯಿಸುತ್ತದೆ. 1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿಯ ಕಾಲದಲ್ಲಿ ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದವರು ನ್ಯಾಯಾಲಯದ ಮೆಟ್ಟಿಲು ಹತ್ತಬಹುದೇ ಎಂಬ ಪ್ರಶ್ನೆ ಬಂತು. 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಸಾಧ್ಯವಿಲ್ಲ ಎಂದರು. ಅವರಲ್ಲೊಬ್ಬರು, ಬಂಧಿತರನ್ನು ಸರ್ಕಾರ ತಾಯಿಯಂತೆ ನೋಡಿಕೊಳ್ಳುತ್ತಿದೆ ಎಂಬ ಅರ್ಥದ ಮಾತನ್ನೂ ತೀರ್ಪಿನಲ್ಲಿ ಸೇರಿಸಿದರು. ದಯಾಳು ಒಡೆಯನ ಕಥೆ ಮತ್ತೆ ಬಂತು ನೋಡಿ. ಎಚ್. ಆರ್. ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದರು. ಜೀವ ಮತ್ತು ಸ್ವಾತಂತ್ರ್ಯ ಸರ್ಕಾರದ ಮರ್ಜಿಯ ಮೇಲೆ ನಿಲ್ಲುವಂಥವಲ್ಲ ಎಂಬುದು ಅವರ ನಿಲುವು. ನಲವತ್ತೊಂದು ವರ್ಷಗಳ ನಂತರ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಹಳೆಯ ತೀರ್ಪನ್ನು ತಳ್ಳಿಹಾಕಿ, ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಆ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ನಮಗೆ ಹೆಮ್ಮೆಯ ವಿಷಯ.

ಇನ್ನು, ಇವೆಲ್ಲ ಪಾಶ್ಚಾತ್ಯರ ಮಾತು, ನಮ್ಮ ಪರಂಪರೆಯಲ್ಲಿ ಇದಕ್ಕೆ ಜಾಗವೆಲ್ಲಿ ಎಂದು ಕೇಳುವವರಿಗೆ ಒಂದು ಪ್ರಸಂಗವನ್ನು ನೆನಪಿಸುತ್ತೇನೆ. ಸಹೀಹ್ ಬುಖಾರಿಯಲ್ಲಿ ಹಜರತ್ ಬರೀರಾ (ರ.ಅ.) ಅವರ ವೃತ್ತಾಂತವಿದೆ. ಬರೀರಾ ಗುಲಾಮಳಾಗಿದ್ದವರು. ಹಜರತ್ ಆಯಿಶಾ (ರ.ಅ.) ಅವರನ್ನು ಕೊಂಡು ಬಿಡುಗಡೆ ಮಾಡಿದರು. ಅವರ ಪತಿ ಮುಗೀಸ್ ಇನ್ನೂ ಗುಲಾಮರಾಗಿಯೇ ಇದ್ದರು. ಬಿಡುಗಡೆಯಾದ ಹೆಣ್ಣಿಗೆ ಆ ದಾಂಪತ್ಯದಲ್ಲಿ ಉಳಿಯುವ ಅಥವಾ ಬಿಡುವ ಆಯ್ಕೆ ಇತ್ತು. ಬರೀರಾ ಬಿಡಲು ತೀರ್ಮಾನಿಸಿದರು. ಮುಗೀಸ್ ಅವರಿಗೆ ಆಕೆಯ ಮೇಲೆ ಎಷ್ಟು ಪ್ರೀತಿಯೆಂದರೆ ಮದೀನದ ಬೀದಿಗಳಲ್ಲಿ ಅಳುತ್ತಾ ಆಕೆಯ ಹಿಂದೆ ತಿರುಗುತ್ತಿದ್ದರು. ಇದನ್ನು ಕಂಡು ಮರುಗಿದ ಪ್ರವಾದಿ ಮುಹಮ್ಮದ್ (ಸ.ಅ.) ಅವರು, ನೀನು ಅವನ ಬಳಿಗೆ ಮರಳಬಾರದೇ ಎಂದು ಬರೀರಾ ಅವರನ್ನು ಕೇಳಿದರು. ಆಗ ಬರೀರಾ ಒಂದು ಪ್ರಶ್ನೆ ಕೇಳುತ್ತಾರೆ. ಇದು ತಮ್ಮ ಆಜ್ಞೆಯೇ? ಅಲ್ಲ, ಶಿಫಾರಸು ಮಾತ್ರ ಎಂದು ಪ್ರವಾದಿಯವರು ಉತ್ತರಿಸುತ್ತಾರೆ. ಹಾಗಾದರೆ ನನಗೆ ಅವರ ಅಗತ್ಯವಿಲ್ಲ ಎನ್ನುತ್ತಾರೆ ಬರೀರಾ. ಮಾತು ಅಲ್ಲಿಗೆ ಮುಗಿಯುತ್ತದೆ.

ದಯವಿಟ್ಟು ಈ ಪ್ರಸಂಗದ ಮೇಲೆ ಸ್ವಲ್ಪ ಹೊತ್ತು ಮನಸ್ಸು ನಿಲ್ಲಿಸಿ. ಕೇಳಿದವರು ಯಾರು? ಆ ಸಮಾಜದಲ್ಲಿ ಅವರಿಗಿಂತ ದೊಡ್ಡವರಿಲ್ಲ. ಉತ್ತರಿಸಿದವರು ಯಾರು? ನಿನ್ನೆ ಮೊನ್ನೆಯವರೆಗೆ ಮಾರಾಟದ ವಸ್ತುವಾಗಿದ್ದ ಒಬ್ಬ ಹೆಣ್ಣುಮಗಳು. ಆಜ್ಞೆ ಯಾವುದು, ಸಲಹೆ ಯಾವುದು ಎಂದು ಕೇಳುವ ಧೈರ್ಯ ಆಕೆಗಿತ್ತು. ಸಲಹೆಯನ್ನು ನಿರಾಕರಿಸಿದಾಗ ಯಾರೂ ಆಕೆಯನ್ನು ಉದ್ಧಟಳೆಂದು ಕರೆಯಲಿಲ್ಲ. ಸ್ವಾತಂತ್ರ್ಯದ ಪಾಠಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಬೇರೆಲ್ಲೂ ಕಂಡಿಲ್ಲ. ಇದೇ ಹದೀಸ್ ಸಂಗ್ರಹದಲ್ಲಿ ಖನ್ಸಾ ಬಿಂತ್ ಖಿದಾಮ್ (ರ.ಅ.) ಅವರ ವೃತ್ತಾಂತವೂ ಇದೆ. ತಂದೆ ಅವರ ಇಚ್ಛೆಗೆ ವಿರುದ್ಧವಾಗಿ ಮಾಡಿದ್ದ ಮದುವೆಯನ್ನು, ಅವರು ದೂರು ಕೊಟ್ಟಾಗ, ಪ್ರವಾದಿಯವರು ರದ್ದುಗೊಳಿಸಿದರು.

ಈ ಮಾದರಿ ಕಣ್ಣೆದುರು ಇದ್ದೂ ನಮ್ಮ ಮನೆಗಳಲ್ಲಿ ಏನಾಗುತ್ತದೆ ಎಂಬುದನ್ನು ನಮ್ಮ ಕನ್ನಡದ ಲೇಖಕಿಯರೇ ತೋರಿಸಿಕೊಟ್ಟಿದ್ದಾರೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾ ಕೆಟ್ಟ ಗಂಡನ ಕೈಗೆ ಸಿಕ್ಕವಳಲ್ಲ. ತಂದೆ ಮತ್ತು ಗಂಡನ ನಡುವಿನ ಜಗಳದಲ್ಲಿ ಅವಳ ಸಂಸಾರ ಮುರಿಯುತ್ತದೆ. ಅವಳ ಬದುಕಿನ ಪ್ರತಿಯೊಂದು ತಿರುವಿನಲ್ಲಿಯೂ ಗಂಡಸರು ತೀರ್ಮಾನಿಸುತ್ತಾರೆ. ನಿನಗೇನು ಬೇಕು ಎಂಬ ಪ್ರಶ್ನೆಗೆ ಅಲ್ಲಿ ಬೆಲೆಯೇ ಇಲ್ಲ. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ ನಾವೆಲ್ಲ ಸಂತೋಷಪಟ್ಟೆವು, ಫೋನುಗಳಲ್ಲಿ ಅಭಿನಂದನೆ ಹಂಚಿಕೊಂಡೆವು. ಆ ಕಥೆಗಳನ್ನು ಓದುವುದು ಅಭಿನಂದನೆಗಿಂತ ಹೆಚ್ಚಿನ ಗೌರವ. ಓದಿದರೆ ನಮ್ಮದೇ ಮನೆಯ ಅಡುಗೆಕೋಣೆ, ನಮ್ಮದೇ ಜಮಾತಿನ ಪಂಚಾಯಿತಿ ಅಲ್ಲಿ ಕಾಣಿಸುತ್ತವೆ.

ಸದಸ್ಯ ಬಂಧುಗಳೇ, ಈಗ ನಿಮ್ಮನ್ನುದ್ದೇಶಿಸಿ ಒಂದು ಮಾತು. ನಮ್ಮದು ಅಲ್ಪಸಂಖ್ಯಾತರ ಶಿಕ್ಷಣ ಸಂಸ್ಥೆ. ಸಂವಿಧಾನದ 30ನೇ ವಿಧಿ ನಮಗೆ ಸಂಸ್ಥೆಗಳನ್ನು ಸ್ಥಾಪಿಸುವ, ನಡೆಸುವ ಹಕ್ಕನ್ನು ಮಾನ್ಯ ಮಾಡಿದೆ. 2002ರಲ್ಲಿ ಮಣಿಪಾಲದ ಟಿ. ಎಂ. ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಈ ಹಕ್ಕಿನ ವ್ಯಾಪ್ತಿಯನ್ನೂ, ಗುಣಮಟ್ಟಕ್ಕಾಗಿ ಸರ್ಕಾರ ಹಾಕಬಹುದಾದ ಮಿತಿಗಳನ್ನೂ ವಿವರಿಸಿತು. ಸರ್ಕಾರದ ಮುಂದೆ ನಾವು ಏನು ಹೇಳುತ್ತೇವೆ? ‘ಇದು ನಿಮ್ಮ ಕೃಪೆಯಲ್ಲ, ನಮ್ಮ ಹಕ್ಕು’ ಎನ್ನುತ್ತೇವೆ. ಸರಿಯಾಗಿಯೇ ಹೇಳುತ್ತೇವೆ. ಒಳ್ಳೆಯ ಅಧಿಕಾರಿ ಬಂದಾಗ ಅನುದಾನ, ಬೇರೊಬ್ಬರು ಬಂದಾಗ ತಕರಾರು ಎಂಬ ಸ್ಥಿತಿ ನಮಗೆ ಬೇಡ. ಮುಖ ನೋಡಿ ಬದುಕುವುದು ಬೇಡ. ಹಾಗಾದರೆ ಸರ್ಕಾರದ ಎದುರು ನಾವು ಹಕ್ಕು ಎಂದು ಕೇಳುವುದನ್ನು ಮನೆಯೊಳಗೆ ಬಂದ ಕೂಡಲೇ ಅಪ್ಪಣೆ ಎಂದು ಕರೆಯುವುದು ಹೇಗೆ ನ್ಯಾಯವಾದೀತು? ಸಮುದಾಯಕ್ಕೆ ಬೇಕಾದ ಸ್ವಾತಂತ್ರ್ಯವೂ ಸಮುದಾಯದೊಳಗಿನ ಒಬ್ಬ ಹುಡುಗಿಗೆ ಬೇಕಾದ ಸ್ವಾತಂತ್ರ್ಯವೂ ಎರಡು ಬೇರೆ ಜಾತಿಯ ವಸ್ತುಗಳಲ್ಲ. ಒಂದನ್ನು ಕೇಳುವ ನೈತಿಕ ಬಲ ಇನ್ನೊಂದನ್ನು ಒಪ್ಪಿಕೊಳ್ಳುವುದರಿಂದ ಬರುತ್ತದೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರ್ ಎಚ್ಚರಿಸಿದ್ದೂ ಇದನ್ನೇ. ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಈ ಮೂರನ್ನು ಬೇರ್ಪಡಿಸಿದರೆ ಒಂದೂ ಉಳಿಯುವುದಿಲ್ಲ.

ಇಲ್ಲಿ ಏಳುವ ಆಕ್ಷೇಪಣೆಯನ್ನೂ ನಾನು ಬಲ್ಲೆ. ಹಾಗಾದರೆ ಮಕ್ಕಳನ್ನು ಮನಸ್ಸಿಗೆ ಬಂದಂತೆ ಬಿಟ್ಟುಬಿಡಬೇಕೇ? ಹಿರಿಯರ ಮಾತಿಗೆ ಬೆಲೆಯೇ ಇಲ್ಲವೇ? ಇದು ನ್ಯಾಯವಾದ ಪ್ರಶ್ನೆ. ಹದಿನೇಳನೇ ಶತಮಾನದ ಜಾನ್ ಲಾಕ್ ಇದಕ್ಕೆ ಕೊಟ್ಟ ಉತ್ತರ ಇಂದಿಗೂ ಉಪಯುಕ್ತವಾಗಿದೆ. ತಂದೆತಾಯಿಗೆ ಮಕ್ಕಳ ಮೇಲೆ ಅಧಿಕಾರವಿದೆ, ಆದರೆ ಅದು ಮಕ್ಕಳ ವಿವೇಕ ಬೆಳೆಯುವವರೆಗೆ, ವಿವೇಕವನ್ನು ಬೆಳೆಸುವುದಕ್ಕಾಗಿ ಇರುವ ಅಧಿಕಾರ. ತಾನಾಗಿ ಮುಗಿಯುವುದೇ ಅದರ ಗುರಿ. ನಾವು ಶಿಕ್ಷಕರೂ ಹಾಗೆಯೇ. ಅಕ್ಷರ ತಿದ್ದಿಸುವಾಗ ಮಗುವಿನ ಕೈ ಹಿಡಿಯುತ್ತೇವೆ. ಹತ್ತನೇ ತರಗತಿಯಲ್ಲಿಯೂ ಕೈ ಹಿಡಿದೇ ಬರೆಸಿದರೆ ಅದು ಕಲಿಸಿದಂತಾಗುವುದಿಲ್ಲ. ಕಾನೂನು, ಶಿಸ್ತು, ಇತರರಿಗೆ ಹಾನಿಯಾಗದಂತೆ ಮಿತಿ ಇವೆಲ್ಲ ಇರಲೇಬೇಕು. ಸಂವಿಧಾನದ 19ನೇ ವಿಧಿಯೂ ಸ್ವಾತಂತ್ರ್ಯಗಳ ಜೊತೆಗೇ ಯುಕ್ತವಾದ ನಿರ್ಬಂಧಗಳನ್ನು ಹೇಳುತ್ತದೆ. ಆದರೆ ಎಲ್ಲರಿಗೂ ಒಂದೇ ಆಗಿರುವ, ಕಾರಣ ತಿಳಿಸಿ ಹೇಳುವ ನಿಯಮ ಬೇರೆ. ಒಬ್ಬರ ಮರ್ಜಿಯಂತೆ ದಿನಕ್ಕೊಂದು ರೀತಿ ಬದಲಾಗುವ ಅಪ್ಪಣೆ ಬೇರೆ. ಅಣ್ಣನಿಗೆ ಒಂದು, ತಂಗಿಗೆ ಒಂದು ಆದರೆ ಅದು ನಿಯಮವೇ ಅಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಪಾಲಿನ ಕೆಲಸವೂ ಇದೆ. ಜರ್ಮನಿಯ ತತ್ವಜ್ಞಾನಿ ಕಾಂಟ್ 1784ರ ಒಂದು ಲೇಖನದಲ್ಲಿ, ಮನುಷ್ಯ ತನ್ನ ಬುದ್ಧಿಯನ್ನು ಬಳಸಲು ಇನ್ನೊಬ್ಬರ ಮಾರ್ಗದರ್ಶನಕ್ಕೆ ಕಾಯುವ ಸ್ಥಿತಿಯನ್ನು ಅಪ್ರಾಪ್ತ ವಯಸ್ಸಿಗೆ ಹೋಲಿಸಿದರು. ಸೋಮಾರಿತನ ಮತ್ತು ಹೇಡಿತನ ಇದಕ್ಕೆ ಕಾರಣ ಎಂದರು. ಬಾಗಿಲು ತೆರೆದರೂ ನಡೆಯುವ ಕಾಲು ನಿಮ್ಮದೇ ಆಗಿರಬೇಕು. ಗೈಡು ನೋಡಿ ಉತ್ತರ ಬರೆಯುವುದು, ಮೊಬೈಲಿನಲ್ಲಿ ಬಂದದ್ದನ್ನು ಓದದೆ ಮುಂದಕ್ಕೆ ಕಳುಹಿಸುವುದು, ಗೆಳೆಯರು ಸೇರಿದರೆಂದು ಕೋರ್ಸಿಗೆ ಸೇರುವುದು ಇವೂ ಪರತಂತ್ರವೇ. ಕರ್ಬಲಾದ ಹುರ್ರ್ ಅವರನ್ನು ನೆನೆಯಿರಿ. ಇಮಾಮ್ ಹುಸೇನ್ (ರ.ಅ.) ಅವರ ದಾರಿ ತಡೆಯಲು ಕಳುಹಿಸಲ್ಪಟ್ಟ ಸೇನಾಧಿಕಾರಿ ಅವರು. ಆಶೂರಾದ ದಿನ, 680ರಲ್ಲಿ, ದೊಡ್ಡ ಸೇನೆಯನ್ನು ಬಿಟ್ಟು ಚಿಕ್ಕ ಗುಂಪಿನ ಕಡೆಗೆ ನಡೆದು ಬಂದು ಪ್ರಾಣ ಕೊಟ್ಟರು. ಆಜ್ಞೆ ಪಾಲಿಸಿದ್ದರೆ ಬದುಕುತ್ತಿದ್ದರು. ತಾನೇ ಯೋಚಿಸಿ ತಾನೇ ಹೊಣೆ ಹೊತ್ತದ್ದರಿಂದ ಅವರ ಹೆಸರಿನ ಅರ್ಥ ಅವರ ಬದುಕಿನ ಅರ್ಥವೂ ಆಯಿತು.

ಕೊನೆಯದಾಗಿ, ಭಾಷಣ ಮುಗಿದ ಮೇಲೆ ಉಳಿಯುವಂಥ ಮೂರು ಸಣ್ಣ ಸಲಹೆಗಳು. ಇವು ಸಲಹೆಗಳೇ ಹೊರತು ಆಜ್ಞೆಗಳಲ್ಲ.

ಒಂದು, ಎಸ್ಸೆಸ್ಸೆಲ್ಸಿ ನಂತರ ಮಗಳ ವರ್ಗಾವಣೆ ಪತ್ರ ಕೇಳಲು ತಂದೆ ಬಂದಾಗ, ಸಂಸ್ಥೆಯವರು ಮಗಳನ್ನೂ ಕರೆಸಿ ಒಂದು ಪ್ರಶ್ನೆ ಕೇಳಲಿ: ಮುಂದೆ ಏನು ಮಾಡಬೇಕೆಂದಿದ್ದೀಯಮ್ಮಾ? ಉತ್ತರವನ್ನು ಒಂದು ವಹಿಯಲ್ಲಿ ಬರೆದಿಡಲಿ. ಅವಳು ಓದಬೇಕೆಂದರೆ ವಿದ್ಯಾರ್ಥಿವೇತನ, ಹಾಸ್ಟೆಲ್, ಬಸ್ ಪಾಸ್ ಯಾವುದು ಅಡ್ಡಿಯೆಂದು ವಿಚಾರಿಸಿ ತಂದೆಯೊಡನೆ ಕುಳಿತು ಮಾತನಾಡಲಿ. ಎರಡು, ಮನೆಯಲ್ಲಿ ‘ಕೊಟ್ಟಿದ್ದೇವೆ’ ಎಂಬ ಮಾತಿನ ಬದಲು ‘ನೀನು ಏನಂತೀಯಾ’ ಎಂಬ ಮಾತು ರೂಢಿಗೆ ಬರಲಿ. ಕೇಳಿದ ಮೇಲೆ ಬಂದ ಉತ್ತರ ನಮಗೆ ಹಿಡಿಸದಿದ್ದರೂ ಅದನ್ನು ಉತ್ತರವೆಂದು ಗೌರವಿಸೋಣ. ಮೂರು, ವಿದ್ಯಾರ್ಥಿಗಳೇ, ಹಿರಿಯರು ಏನಾದರೂ ಹೇಳಿದಾಗ ಅದಬಿನಿಂದ, ತಲೆ ತಗ್ಗಿಸದೆ, ಬರೀರಾ ಕೇಳಿದ ಪ್ರಶ್ನೆಯನ್ನು ಕೇಳಲು ಕಲಿಯಿರಿ. ಇದು ಆಜ್ಞೆಯೇ, ಸಲಹೆಯೇ? ಸಲಹೆಯಾದರೆ ಚೆನ್ನಾಗಿ ಯೋಚಿಸಿ. ನಿಮ್ಮ ತೀರ್ಮಾನವನ್ನು ನೀವೇ ಮಾಡಿ. ಅದರ ಫಲ ಸಿಹಿಯಾಗಲಿ ಕಹಿಯಾಗಲಿ, ಹೊಣೆಯನ್ನು ಬೇರೆಯವರ ಮೇಲೆ ಹಾಕಬೇಡಿ.

 ಯಾರ ಮುಖವನ್ನೂ ನೋಡದೆ ಸತ್ಯವನ್ನು ಹೇಳುವ, ಹೇಳಿದವರನ್ನು ಸಹನೆಯಿಂದ ಕೇಳುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್. ಖುದಾ ಹಾಫಿಜ್.